ಪ್ರಾಸ್ಟೇಟ್ ಕ್ಯಾನ್ಸರ್ ರಿಪೋರ್ಟಿನಲ್ಲಿ ‘ಪಿಟೆನ್ ಲಾಸ್’: ಒಂದು ಜೀನ್ ಹೋದರೆ ಮಿಕ್ಕ ಜೀನುಗಳಿಗೆ ಏನಾಗುತ್ತದೆ?

ತಿಪಟೂರು_ತೆಂಗು
ಎಲ್ಲರಿಗೂ ನಮಸ್ಕಾರ. ಇಲ್ಲಿ ಬಯಾಲಜಿ ಓದಿದವರು ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ತಂದೆಗೆ 68 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ಹಾರ್ಮೋನ್ ಇಂಜೆಕ್ಷನ್ ಶುರುವಾಗಿದೆ, ಜೊತೆಗೆ ಗಂಡು ಹಾರ್ಮೋನ್ ತಯಾರಾಗದಂತೆ ತಡೆಯುವ ಅಬಿರಾಟೆರೋನ್ ಮಾತ್ರೆ. ಬಯಾಪ್ಸಿ ರಿಪೋರ್ಟಿನ ಕೊನೆಯಲ್ಲಿ ‘ಪಿಟೆನ್: ಲಾಸ್’ ಅಂತ ಒಂದು ಸಾಲು ಇದೆ. ಡಾಕ್ಟರನ್ನು ಕೇಳಿದೆ. ‘ಗಡ್ಡೆಯ ಸ್ವಭಾವ ಸ್ವಲ್ಪ ಜೋರು ಅಂತ ಅರ್ಥ, ಸದ್ಯಕ್ಕೆ ಚಿಕಿತ್ಸೆ ಬದಲಾಗಲ್ಲ’ ಅಂದರು. ಅವರ ಮೇಲೆ ನಂಬಿಕೆ ಇದೆ. ಯಾವ ಮಾತ್ರೆ ತಗೊಳ್ಳಬೇಕು ಅಂತ ಕೇಳಲು ಬಂದಿಲ್ಲ.

ನನ್ನ ತಲೆ ತಿನ್ನುತ್ತಿರುವುದು ಬೇರೆ. ಪಿಟೆನ್ ಅನ್ನೋದು ಗಡ್ಡೆ ಬೆಳೆಯದಂತೆ ತಡೆಯುವ ಜೀನ್ ಅಂತ ಓದಿದೆ. ಆದರೆ ಅದರಿಂದ ತಯಾರಾಗುವ ಪ್ರೋಟೀನ್ ಕೆಲಸ ಮಾಡುವುದು ಜೀವಕೋಶದ ಹೊರಪೊರೆಯ ಹತ್ತಿರ. ಅಲ್ಲಿರುವ ಕೊಬ್ಬಿನ ಕಣದಿಂದ ಒಂದು ಫಾಸ್ಫೇಟ್ ಕಿತ್ತುಹಾಕುತ್ತದೆ, ಅಷ್ಟೇ. ಡಿಎನ್‌ಎ ಇರುವುದು ನ್ಯೂಕ್ಲಿಯಸ್ ಒಳಗೆ. ಹಾಗಿದ್ದ ಮೇಲೆ ‘ಪಿಟೆನ್ ಹೋದರೆ ನೂರಾರು ಜೀನುಗಳ ಎಕ್ಸ್‌ಪ್ರೆಶನ್ ಬದಲಾಗುತ್ತದೆ’ ಅಂತ ಬರೆಯುತ್ತಾರಲ್ಲ, ಅಂದರೆ ಜೀವಕೋಶ ಆ ಜೀನುಗಳನ್ನು ಓದಿ ಬಳಸುವ ಪ್ರಮಾಣ ಬದಲಾಗುತ್ತದೆ ಅಂತ, ಅದು ಹೇಗೆ?

ಎರಡನೆಯದು. ಪಿಟೆನ್ ಹೋದಾಗ ಗಂಡು ಹಾರ್ಮೋನಿನ ಮಾತು ಕೇಳುವ ಜೀನುಗಳು ತಗ್ಗುತ್ತವೆ ಅಂತಲೂ ಓದಿದೆ. ಹಾರ್ಮೋನ್ ಚಿಕಿತ್ಸೆ ಮಾಡುವುದೂ ಅದನ್ನೇ ಅಲ್ವಾ? ಹಾಗಾದರೆ ಇದು ಒಳ್ಳೆಯ ಸುದ್ದಿ ಆಗಬೇಕಿತ್ತು.

ಸುಮ್ನೆ_ಓದುಗ
ಡಾಕ್ಟರ್ ಹೇಳಿದ ಮೇಲೆ ಮತ್ತೆ ಗೂಗಲ್ ಯಾಕೆ ಗುರು? ನಿದ್ದೆ ಕೆಡುತ್ತೆ.

ತಿಪಟೂರು_ತೆಂಗು
ನಿದ್ದೆ ಕೆಟ್ಟು ಎಷ್ಟೋ ದಿನ ಆಯಿತು. ಅರ್ಥ ಆದರೆ ಸ್ವಲ್ಪ ಬರಬಹುದು.

ಲ್ಯಾಬ್_ಕೋಟು
ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನೀವು ಹಿಡಿದಿರುವ ಎಳೆ ಸರಿಯಾಗಿದೆ. ಪಿಟೆನ್ ತಾನೇ ಹೋಗಿ ಡಿಎನ್‌ಎಗೆ ಅಂಟಿಕೊಂಡು ಜೀನುಗಳನ್ನು ಆನ್ ಆಫ್ ಮಾಡುವ ಪ್ರೋಟೀನ್ ಅಲ್ಲ. ಗಡ್ಡೆ ತಡೆಯುವ ಇನ್ನೊಂದು ಪ್ರೋಟೀನ್ ಪಿ53 ಹಾಗೆ ಮಾಡುತ್ತದೆ, ಪಿಟೆನ್ ಮಾಡುವುದಿಲ್ಲ. 10ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್ 1997ರಲ್ಲಿ ಸಿಕ್ಕಿತು. ಬೇರೆ ಬೇರೆ ತಂಡಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹಿಡಿದವು, ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಅದರ ಆಕಾರ ನೋಡಿ, ಪ್ರೋಟೀನುಗಳಿಂದ ಫಾಸ್ಫೇಟ್ ಕೀಳುವ ಕಿಣ್ವ ಇರಬೇಕು ಅಂತ ಅಂದುಕೊಂಡರು. 1998ರಲ್ಲಿ ಮೇಹಾಮಾ ಮತ್ತು ಡಿಕ್ಸನ್ ಅದರ ಮುಖ್ಯ ಗುರಿ ಪೊರೆಯಲ್ಲಿರುವ ಪಿಐಪಿ3 ಎಂಬ ಕೊಬ್ಬು ಅಂತ ತೋರಿಸಿದರು. ಕಥೆ ಅಲ್ಲಿಂದ ಬಿಚ್ಚಿಕೊಂಡಿತು.

ಪಿಐ3ಕೆ ಎಂಬ ಕಿಣ್ವ ಪಿಐಪಿ2ಗೆ ಒಂದು ಫಾಸ್ಫೇಟ್ ಸೇರಿಸಿ ಪಿಐಪಿ3 ಮಾಡುತ್ತದೆ. ಪಿಟೆನ್ ಅದನ್ನು ಕಿತ್ತು ಮತ್ತೆ ಪಿಐಪಿ2 ಮಾಡುತ್ತದೆ. ಪಿಟೆನ್ ಇಲ್ಲದಿದ್ದರೆ ಪಿಐಪಿ3 ಪೊರೆಯಲ್ಲೇ ಸೇರುತ್ತಾ ಹೋಗುತ್ತದೆ. ಅದು ಇರುವ ಕಡೆ ಎಕೆಟಿ ಎಂಬ ಪ್ರೋಟೀನ್ ಬಂದು ಕೂತು ಚುರುಕಾಗುತ್ತದೆ. ನ್ಯೂಕ್ಲಿಯಸ್ಸಿಗೆ ಸುದ್ದಿ ಮುಟ್ಟುವುದು ಈ ಎಕೆಟಿ ಮೂಲಕ.

ಫಾಕ್ಸ್‌ಓ ಅಂತ ಒಂದು ಕುಟುಂಬ ಇದೆ. ಇವು ನ್ಯೂಕ್ಲಿಯಸ್ಸಿನಲ್ಲಿ ಕೂತು ಪಿ27, ಬಿಮ್ ಮುಂತಾದ ಜೀನುಗಳನ್ನು ಓದಿಸುತ್ತವೆ. ಪಿ27 ಜೀವಕೋಶ ವಿಭಜನೆಯನ್ನು ತಡೆಯುತ್ತದೆ, ಬಿಮ್ ಕೆಟ್ಟ ಜೀವಕೋಶವನ್ನು ಸಾಯಿಸುತ್ತದೆ. ಎಕೆಟಿ ಚುರುಕಾದಾಗ ಫಾಕ್ಸ್‌ಓ ಮೇಲೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಬಿದ್ದ ಫಾಕ್ಸ್‌ಓ ನ್ಯೂಕ್ಲಿಯಸ್ಸಿನಿಂದ ಹೊರಗೆ ಬಂದು ಅಲ್ಲೇ ಉಳಿಯುತ್ತದೆ. ಒಳಗೆ ಓದಿಸುವವರು ಇಲ್ಲದೆ ಆ ಜೀನುಗಳು ಮೌನ.

ಇದು ಒಂದು ದಾರಿ. ಪ್ರಾಸ್ಟೇಟಿನಲ್ಲಿ ಇದಕ್ಕಿಂತ ದೊಡ್ಡದೊಂದು ಇದೆ, ಅದೇ ನಿಮ್ಮ ಎರಡನೇ ಪ್ರಶ್ನೆ. ಅದರ ಬಗ್ಗೆ ಇಲ್ಲಿ ನನಗಿಂತ ಚೆನ್ನಾಗಿ ಹೇಳುವವರು ಇದ್ದಾರೆ.

ಗಂಗಾವತಿ_ಮಾಸ್ತರ
ಚೆನ್ನಾಗಿ ಹೇಳಿದಿರಿ. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ ಪಿಐ3ಕೆ ಗದ್ದೆಗೆ ನೀರು ತರುವ ಕಾಲುವೆ, ಪಿಟೆನ್ ಹೆಚ್ಚಿನ ನೀರು ಬಿಡುವ ತೂಬು. ತೂಬು ಕಟ್ಟಿಕೊಂಡರೆ ಕಾಲುವೆ ಮಾಮೂಲಿಯಾಗಿ ಹರಿದರೂ ಗದ್ದೆ ತುಂಬಿಬಿಡುತ್ತದೆ.

ಆದರೆ ಒಂದು ಮಾತು. ಟ್ಯೂಮರ್ ಸಪ್ರೆಸರ್, ಅಂದರೆ ಗಡ್ಡೆ ತಡೆಯುವ ಜೀನ್ ಅಂದ ಮೇಲೆ ಎರಡೂ ಪ್ರತಿ ಹಾಳಾಗಬೇಕು. ತಾಯಿಯಿಂದ ಬಂದದ್ದು ಒಂದು, ತಂದೆಯಿಂದ ಬಂದದ್ದು ಒಂದು. ಒಂದು ಉಳಿದರೆ ತೊಂದರೆ ಇಲ್ಲ. 1971ರಲ್ಲಿ ಕ್ನಡ್‌ಸನ್ ಅವರು ಮಕ್ಕಳ ಕಣ್ಣಿನ ಕ್ಯಾನ್ಸರ್ ಇಟ್ಟುಕೊಂಡು ಹೇಳಿದ್ದು ಇದನ್ನೇ. ಮೂವತ್ತು ವರ್ಷ ಮಕ್ಕಳಿಗೆ ಹೀಗೇ ಪಾಠ ಮಾಡಿದ್ದೇನೆ.

ಲ್ಯಾಬ್_ಕೋಟು
ಮಾಸ್ತರ್ರೇ, ಕಣ್ಣಿನ ಕ್ಯಾನ್ಸರಿನ ಆರ್‌ಬಿ1 ಜೀನಿಗೆ ಅದು ಸರಿ. ಪಿಟೆನ್‌ಗೆ ಪೂರ್ತಿ ಒಪ್ಪುವುದಿಲ್ಲ. 2003ರಲ್ಲಿ ಇಲಿಗಳಲ್ಲಿ ಪಿಟೆನ್ ಪ್ರಮಾಣವನ್ನು ಹಂತ ಹಂತವಾಗಿ ತಗ್ಗಿಸಿ ನೋಡಿದರು. ಒಂದು ಪ್ರತಿ ಹೋದದ್ದಕ್ಕಿಂತ ಇನ್ನೂ ಸ್ವಲ್ಪ ಕಡಿಮೆ ಮಾಡಿದರೆ ಸಾಕು, ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಬಂತು. ಪೂರ್ತಿ ಸೊನ್ನೆ ಆಗಬೇಕಿಲ್ಲ. ಇಲ್ಲಿ ‘ಇದೆಯೋ ಇಲ್ಲವೋ’ ಅನ್ನುವುದರ ಜೊತೆಗೆ ‘ಎಷ್ಟಿದೆ’ ಅನ್ನೋದೂ ಮುಖ್ಯ.

ಗಂಗಾವತಿ_ಮಾಸ್ತರ
ಅಂದರೆ ತೂಬು ಅರ್ಧ ಕಟ್ಟಿದರೂ ಗದ್ದೆಗೆ ಕೇಡು. ನನ್ನ ಮಾತು ಇನ್ನೂ ನಿಂತಿದೆ ಬಿಡ್ರಿ.

ಮಂಡ್ಯ_ಮಾತುಗಾರ
ಮಾಸ್ತರ್ರು ಸೋಲೋ ಪೈಕಿ ಅಲ್ಲ 😄

ಸ್ಲೈಡ್_ಅಕ್ಕ
ಪ್ಯಾಥಾಲಜಿಯಲ್ಲಿ ಇರುವವಳು ನಾನು. ರಿಪೋರ್ಟಿನ ಆ ಸಾಲಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದನ್ನು ಸರಿಯಾಗಿ ಓದದೆ ಮುಂದಿನದು ಮಾತಾಡಿ ಪ್ರಯೋಜನ ಇಲ್ಲ.

ಈ ಪರೀಕ್ಷೆಯಲ್ಲಿ ನಾವು ನೋಡುವುದು ಜೀನನ್ನಲ್ಲ, ಪ್ರೋಟೀನನ್ನು. ಬಯಾಪ್ಸಿ ತುಂಡಿನ ಮೇಲೆ ಪಿಟೆನ್ ಹಿಡಿಯುವ ಆಂಟಿಬಾಡಿ ಹಾಕುತ್ತೇವೆ, ಇದ್ದ ಕಡೆ ಕಂದು ಬಣ್ಣ ಬರುತ್ತದೆ. ಗಡ್ಡೆಯ ಗ್ರಂಥಿಗಳಲ್ಲಿ ಬಣ್ಣ ಇಲ್ಲ, ಪಕ್ಕದ ಸಹಜ ಗ್ರಂಥಿಗಳಲ್ಲಿ ಮತ್ತು ರಕ್ತನಾಳದಲ್ಲಿ ಬಣ್ಣ ಇದೆ ಅಂದರೆ ‘ಲಾಸ್’ ಅಂತ ಬರೆಯುತ್ತೇವೆ. ಪಕ್ಕದಲ್ಲೂ ಬಣ್ಣ ಇಲ್ಲದಿದ್ದರೆ ಪರೀಕ್ಷೆಯೇ ಕೆಟ್ಟಿದೆ ಅಂತ ಅರ್ಥ.

ತೊಡಕು ಏನೆಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಒಂದೇ ಮುದ್ದೆಯಲ್ಲ. ಒಂದೇ ತುಂಡಿನಲ್ಲಿ ಈ ಕಡೆ ಗ್ರಂಥಿಗಳಲ್ಲಿ ಪಿಟೆನ್ ಇರುತ್ತದೆ, ಆ ಕಡೆ ಇರುವುದಿಲ್ಲ. ಹಾಗಾಗಿ ‘ಶೇಕಡಾ ಎಷ್ಟು ಜೀವಕೋಶಗಳಲ್ಲಿ ಇಲ್ಲ’ ಅಂತ ಕೇಳಿ. ಇದು ಸುಮ್ನೆ ಹೇಳುತ್ತಿಲ್ಲ. ಎಕೆಟಿ ತಡೆಯುವ ಔಷಧಗಳ ಎರಡು ದೊಡ್ಡ ಟ್ರಯಲ್‌ಗಳಲ್ಲೇ ಅಳತೆ ಬೇರೆ ಬೇರೆ ಇತ್ತು. ಒಂದರಲ್ಲಿ ಶೇ 50ರಷ್ಟು ಜೀವಕೋಶಗಳಲ್ಲಿ ಬಣ್ಣ ಇಲ್ಲದಿದ್ದರೆ ‘ಲಾಸ್’. ಇನ್ನೊಂದರಲ್ಲಿ ಶೇ 90 ಬೇಕಿತ್ತು. ಒಂದೇ ಸ್ಲೈಡ್ ಅಲ್ಲಿ ಪಾಸು, ಇಲ್ಲಿ ಫೇಲು.

ತಿಪಟೂರು_ತೆಂಗು
ಅಕ್ಕಾ, ರಿಪೋರ್ಟಿನಲ್ಲಿ ಶೇಕಡಾ ಬರೆದಿಲ್ಲ. ಈಗ ಕೇಳಬಹುದಾ?

ಸ್ಲೈಡ್_ಅಕ್ಕ
ಖಂಡಿತ ಕೇಳಬಹುದು. ಸ್ಲೈಡ್ ಅವರ ಹತ್ತಿರವೇ ಇರುತ್ತದೆ, ಮತ್ತೆ ನೋಡಿ ಹೇಳುತ್ತಾರೆ. ಹೊಸ ಬಯಾಪ್ಸಿ ಬೇಕಿಲ್ಲ.

ಉಪ್ಪಿನಂಗಡಿ_ಟು_ಬೋಸ್ಟನ್
ಎರಡನೇ ಪ್ರಶ್ನೆ ನೋಡಿ ಖುಷಿಯಾಯಿತು ಮಾರಾಯ್ರೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೇ ಅದು. ನಾನು ಇದೇ ಕ್ಷೇತ್ರದ ಪೋಸ್ಟ್‌ಡಾಕ್.

ಪ್ರಾಸ್ಟೇಟ್ ಜೀವಕೋಶ ಬದುಕುವುದೇ ಗಂಡು ಹಾರ್ಮೋನಿನ ಮೇಲೆ. ಹಾರ್ಮೋನ್ ನಿಲ್ಲಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ 1941ರಲ್ಲೇ ಹಗಿನ್ಸ್ ತೋರಿಸಿದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಹಾರ್ಮೋನ್ ಬಂದು ಕೂರುವ ಪ್ರೋಟೀನ್ ಆಂಡ್ರೋಜನ್ ರಿಸೆಪ್ಟರ್. ಅದು ನ್ಯೂಕ್ಲಿಯಸ್ಸಿಗೆ ಹೋಗಿ ತನ್ನದೇ ಒಂದು ಗುಂಪು ಜೀನುಗಳನ್ನು ಓದಿಸುತ್ತದೆ. ರಕ್ತಪರೀಕ್ಷೆಯಲ್ಲಿ ನೋಡುವ ಪಿಎಸ್‌ಎ ಆ ಗುಂಪಿನದೇ. ಎನ್‌ಕೆಎಕ್ಸ್3.1 ಕೂಡ. ಎಫ್‌ಕೆಬಿಪಿ5 ಅಂತ ಇನ್ನೊಂದು, ಈ ಹೆಸರು ನೆನಪಿಡಿ.

2011ರಲ್ಲಿ ನ್ಯೂಯಾರ್ಕಿನ ಸಾಯರ್ಸ್ ತಂಡ ತೋರಿಸಿದ್ದು ಇದು: ಪಿಟೆನ್ ಹೋಗಿ ಎಕೆಟಿ ದಾರಿ ಜೋರಾದಾಗ, ಹರ್2 ಮತ್ತು ಹರ್3 ಎಂಬ ರಿಸೆಪ್ಟರುಗಳು ತಗ್ಗುತ್ತವೆ, ಅದರ ಹಿಂದೆಯೇ ಆಂಡ್ರೋಜನ್ ರಿಸೆಪ್ಟರಿನ ಜೀನುಗಳೂ ತಗ್ಗುತ್ತವೆ. ಅಂದರೆ ನೀವು ಓದಿದ್ದು ನಿಜ. ಆದರೆ ತಗ್ಗಿದ್ದು ಯಾಕೆ ಅಂತ ನೋಡಿ. ಜೀವಕೋಶಕ್ಕೆ ಈಗ ಬದುಕಲು ಇನ್ನೊಂದು ದಾರಿ ಸಿಕ್ಕಿದೆ. ಹಾರ್ಮೋನಿನ ಹಂಗು ಕಡಿಮೆಯಾಗಿದೆ. ಹಂಗು ಇಲ್ಲದವನಿಗೆ ಅದನ್ನು ನಿಲ್ಲಿಸಿದರೆ ಎಷ್ಟು ನಷ್ಟ?

ಉಲ್ಟಾ ಕಡೆಯಿಂದಲೂ ನೋಡಿ. ಹಾರ್ಮೋನ್ ಚಿಕಿತ್ಸೆ ಕೊಟ್ಟಾಗ ಎಫ್‌ಕೆಬಿಪಿ5 ಇಳಿಯುತ್ತದೆ. ಅದು ಫ್ಲಿಪ್ ಎಂಬ ಇನ್ನೊಂದು ಕಿಣ್ವವನ್ನು ಕುಸಿಯದಂತೆ ಉಳಿಸಿಕೊಂಡಿರುತ್ತದೆ. ಎಕೆಟಿ ಮೇಲಿನ ಫಾಸ್ಫೇಟ್ ಕೀಳುವುದು ಈ ಫ್ಲಿಪ್. ಎಫ್‌ಕೆಬಿಪಿ5 ಇಲ್ಲದೆ ಫ್ಲಿಪ್ ಉಳಿಯುವುದಿಲ್ಲ, ಫ್ಲಿಪ್ ಇಲ್ಲದೆ ಎಕೆಟಿಗೆ ಲಗಾಮಿಲ್ಲ. ಅಂದರೆ ಹಾರ್ಮೋನ್ ದಾರಿ ಮುಚ್ಚಿದಾಗ ಎಕೆಟಿ ದಾರಿ ಇನ್ನೂ ಜೋರಾಗುತ್ತದೆ. ಎಕೆಟಿ ದಾರಿ ಮುಚ್ಚಿದರೆ ಹಾರ್ಮೋನ್ ದಾರಿ ಏಳುತ್ತದೆ. ಇಲಿಗಳಲ್ಲಿ ಎರಡನ್ನೂ ಒಟ್ಟಿಗೆ ಮುಚ್ಚಿದಾಗ ಗಡ್ಡೆ ಹೆಚ್ಚುಕಡಿಮೆ ಮಾಯವಾಯಿತು.

ಇಲ್ಲಿ ಗಮನಿಸಬೇಕಾದದ್ದು ಜೀನ್ ಪಟ್ಟಿಯಲ್ಲಿ ಯಾವುದು ಮೇಲೆ ಹೋಯಿತು, ಯಾವುದು ಕೆಳಗೆ ಬಂತು ಅನ್ನೋದಲ್ಲ. ಕೆಳಗೆ ಬಂದದ್ದೆಲ್ಲ ಒಳ್ಳೆಯದಕ್ಕಲ್ಲ.

ಮಂಡ್ಯ_ಮಾತುಗಾರ
ಹಾಗಾದ್ರೆ ಪಿಟೆನ್ ಹೋದವರಿಗೆ ಪಿಎಸ್‌ಎ ಕಡಿಮೆ ಬರಬೇಕು ಅಲ್ವಾ? ನಮ್ಮ ಮಾವನಿಗೆ 300 ಇತ್ತು, ಅವರಿಗೆ ಪಿಟೆನ್ ಇತ್ತು ಅಂತ ಲೆಕ್ಕ ಹಾಕಬಹುದಾ?

ಸ್ಲೈಡ್_ಅಕ್ಕ
ಬೇಡ ಬೇಡ, ಆ ಲೆಕ್ಕ ಹಾಕಲೇಬೇಡಿ. ರಕ್ತದಲ್ಲಿನ ಪಿಎಸ್‌ಎ ಗಡ್ಡೆ ಎಷ್ಟಿದೆ, ಎಲ್ಲೆಲ್ಲಿ ಹರಡಿದೆ, ಪ್ರಾಸ್ಟೇಟ್ ಎಷ್ಟು ದಪ್ಪ ಇದೆ, ಸೋಂಕು ಇದೆಯೇ, ಎಲ್ಲದರ ಮೇಲೂ ನಿಂತಿದೆ. ಬೋಸ್ಟನ್ ಅವರು ಹೇಳಿದ್ದು ಒಂದೊಂದು ಜೀವಕೋಶದ ಒಳಗಿನ ಮಾತು. ಒಬ್ಬ ವ್ಯಕ್ತಿಯ ಪಿಎಸ್‌ಎ ನೋಡಿ ಪಿಟೆನ್ ಹೇಳಲು ಆಗುವುದಿಲ್ಲ.

ಲ್ಯಾಬ್_ಕೋಟು
ಬೋಸ್ಟನ್, ಒಂದು ತಕರಾರು. ಎಲ್ಲವನ್ನೂ ಆಂಡ್ರೋಜನ್ ರಿಸೆಪ್ಟರಿಗೆ ತಂದು ಕಟ್ಟುತ್ತೀರಿ. ಎಕೆಟಿಯಿಂದ ಎಂಟಾರ್ ಎಂಬ ಇನ್ನೊಂದು ಪ್ರೋಟೀನಿನ ಕಡೆಗೆ ಹೋಗುವ ಕವಲು ಎಲ್ಲಿ ಹೋಯಿತು? 2012ರಲ್ಲಿ ಪಿಸಿ-3 ಜೀವಕೋಶಗಳಲ್ಲಿ ನೋಡಿದಾಗ, ಎಂಟಾರ್ ಕೆಲವು ಆರ್‌ಎನ್‌ಎಗಳಿಂದ (ಜೀನ್ ಓದಿದಾಗ ಬರುವ ನಕಲು) ಪ್ರೋಟೀನ್ ತಯಾರಾಗುವ ವೇಗವನ್ನೇ ಬದಲಿಸುತ್ತಿತ್ತು. ವೈಬಿ1, ವೈಮೆಂಟಿನ್, ಸಿಡಿ44, ಎಂಟಿಎ1. ಕ್ಯಾನ್ಸರ್ ಪಕ್ಕದ ಅಂಗಾಂಶಕ್ಕೆ ನುಗ್ಗಲು ಬೇಕಾದವು ಇವು. ಇಲ್ಲಿ ಜೀನ್ ಓದುವುದು ಬದಲಾಗಿಲ್ಲ, ಓದಿದ್ದನ್ನು ಪ್ರೋಟೀನ್ ಮಾಡುವುದು ಬದಲಾಗಿದೆ. ಬರೀ ಆರ್‌ಎನ್‌ಎ ಎಣಿಸಿ ಕೂತವರಿಗೆ ಇದು ಕಾಣುವುದೇ ಇಲ್ಲ.

ಉಪ್ಪಿನಂಗಡಿ_ಟು_ಬೋಸ್ಟನ್
ಒಪ್ಪಿದೆ, ಆದರೆ ಪಿಸಿ-3 ಎಂಬುದು ಆಂಡ್ರೋಜನ್ ರಿಸೆಪ್ಟರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಜೀವಕೋಶ. ಅದರಲ್ಲಿ ನೋಡಿದರೆ ಎಲ್ಲವೂ ಎಂಟಾರ್ ಆಗಿಯೇ ಕಾಣುತ್ತದೆ. ಎಲ್‌ಎನ್‌ಕ್ಯಾಪ್‌ನಲ್ಲಿ ನೋಡಿ ಹೇಳಿ.

ಲ್ಯಾಬ್_ಕೋಟು
ಎಲ್‌ಎನ್‌ಕ್ಯಾಪ್‌ನಲ್ಲಿ ಪಿ53 ಗಟ್ಟಿ ಇದೆ, ಪಿಸಿ-3ರಲ್ಲಿ ಇಲ್ಲ. ಎರಡರಲ್ಲೂ ಪಿಟೆನ್ ಹೋಗಿದೆ. ಯಾವುದನ್ನು ‘ನಿಜವಾದ ಕ್ಯಾನ್ಸರ್’ ಅನ್ನುತ್ತೀರಿ?

ಸುಮ್ನೆ_ಓದುಗ
ಇವರಿಬ್ಬರದ್ದು ಇನ್ನು ನಿಲ್ಲಲ್ಲ. ಎಲ್‌ಎನ್‌ಕ್ಯಾಪ್ ಯಾವ ಕ್ಯಾಪು ಅಂತ ನಮಗೂ ಹೇಳಿ ಸ್ವಾಮಿ.

ಲ್ಯಾಬ್_ಕೋಟು
ಕ್ಷಮಿಸಿ 😄 ಎರಡೂ ಲ್ಯಾಬಿನಲ್ಲಿ ದಶಕಗಳಿಂದ ಬೆಳೆಸುತ್ತಿರುವ ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳು. ಎಲ್‌ಎನ್‌ಕ್ಯಾಪ್ 1977ರಲ್ಲಿ ಒಬ್ಬ ರೋಗಿಯ ದುಗ್ಧಗ್ರಂಥಿಯಿಂದ ತೆಗೆದದ್ದು, ಹಾರ್ಮೋನಿಗೆ ಸ್ಪಂದಿಸುತ್ತದೆ. ಪಿಸಿ-3 ಇನ್ನೊಬ್ಬ ರೋಗಿಯ ಮೂಳೆಗೆ ಹರಡಿದ್ದ ಗಡ್ಡೆಯಿಂದ ಬಂದದ್ದು, ಹಾರ್ಮೋನಿಗೆ ಕ್ಯಾರೇ ಅನ್ನುವುದಿಲ್ಲ. ಪ್ರಯೋಗ ಸರಳ: ಇವುಗಳಿಗೆ ಪಿಟೆನ್ ವಾಪಸ್ ಕೊಟ್ಟು ಏನು ಬದಲಾಗುತ್ತದೆ ನೋಡುವುದು. ಎಕೆಟಿ ತಗ್ಗುತ್ತದೆ, ಪಿ27 ಏರುತ್ತದೆ, ವಿಭಜನೆ ನಿಲ್ಲುತ್ತದೆ.

ಇದಕ್ಕೆ ಬೆಲೆ ಯಾಕೆ ಅಂದರೆ, ರೋಗಿಗಳ ಗಡ್ಡೆಗಳಲ್ಲಿ ಪಿಟೆನ್ ಇಲ್ಲದವರನ್ನೂ ಇದ್ದವರನ್ನೂ ಹೋಲಿಸಿ ‘ನೂರಾರು ಜೀನು ಬದಲು’ ಅಂದರೆ ಅದರಲ್ಲಿ ಎಷ್ಟು ಪಿಟೆನ್‌ನಿಂದ, ಎಷ್ಟು ಜೊತೆಗೆ ಬಂದ ಬೇರೆ ಹಾನಿಯಿಂದ ಅಂತ ಬೇರ್ಪಡಿಸುವುದು ಕಷ್ಟ. ಟಿಎಂಪಿಆರ್‌ಎಸ್‌ಎಸ್2 ಮತ್ತು ಇಆರ್‌ಜಿ ಜೀನುಗಳು ಬೆಸೆದುಕೊಳ್ಳುವ ದೋಷ ಒಂದಿದೆ, 2005ರಲ್ಲಿ ಮಿಶಿಗನ್ನಿನ ಅರುಲ್ ಚಿನ್ನಯ್ಯನ್ ತಂಡ ಕಂಡುಹಿಡಿದದ್ದು. ಅದು ಪಿಟೆನ್ ಹೋದ ಗಡ್ಡೆಗಳಲ್ಲಿ ಹೆಚ್ಚಾಗಿ ಜೊತೆಗೇ ಸಿಗುತ್ತದೆ. ಆಗ ಯಾರು ಯಾವ ಜೀನನ್ನು ಬದಲಿಸಿದರು ಅಂತ ಹೇಗೆ ಹೇಳುತ್ತೀರಿ?

ಉಪ್ಪಿನಂಗಡಿ_ಟು_ಬೋಸ್ಟನ್
ಅದಕ್ಕೇ ಇಲಿ ಬೇಕಾಗುವುದು. 2003ರಲ್ಲಿ ಲಾಸ್ ಏಂಜಲೀಸಿನ ಹಾಂಗ್ ವೂ ಅವರ ತಂಡ ಇಲಿಯ ಪ್ರಾಸ್ಟೇಟಿನಲ್ಲಿ ಮಾತ್ರ ಪಿಟೆನ್ ಅಳಿಸಿತು. ಬೇರೆ ಯಾವ ಜೀನನ್ನೂ ಮುಟ್ಟಲಿಲ್ಲ. ಕ್ಯಾನ್ಸರ್ ಬಂತು, ಹರಡಿತು ಕೂಡ. ಸಾವಿರಾರು ಜೀನುಗಳನ್ನು ಒಟ್ಟಿಗೆ ಅಳೆಯುವ ಜೀನ್ ಚಿಪ್ ಹಾಕಿ ನೋಡಿದಾಗ ಎನ್‌ಕೆಎಕ್ಸ್3.1 ಕುಸಿದಿತ್ತು, ಪಿಎಸ್‌ಸಿಎ ಏರಿತ್ತು. ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರಿನಲ್ಲೂ ಇವು ಹೀಗೇ ಬದಲಾಗುತ್ತವೆ. ಗಂಡು ಹಾರ್ಮೋನ್ ನಿಲ್ಲಿಸಲು ವೃಷಣ ತೆಗೆದಾಗ ಗಡ್ಡೆ ಮೊದಲು ಕುಗ್ಗಿತು, ಆದರೆ ಉಳಿದ ಜೀವಕೋಶಗಳು ಹೆಚ್ಚುತ್ತಲೇ ಇದ್ದವು.

ಎನ್‌ಕೆಎಕ್ಸ್3.1 ಕೂಡ ಸ್ವತಃ ಗಡ್ಡೆ ತಡೆಯುವ ಜೀನ್ ಅನ್ನೋದು ಗಮನಿಸಿ. ಒಬ್ಬ ಕಾವಲುಗಾರ ಹೋಗುವಾಗ ಇನ್ನೊಬ್ಬನನ್ನೂ ಎಳೆದುಕೊಂಡು ಹೋದ.

ಗಂಗಾವತಿ_ಮಾಸ್ತರ
ಹಾಗಾದರೆ ಪಿಟೆನ್ ಹೋದ ಕೂಡಲೇ ಕ್ಯಾನ್ಸರ್ ಗ್ಯಾರಂಟಿ ಅಂದಹಾಗಾಯಿತು.

ಉಪ್ಪಿನಂಗಡಿ_ಟು_ಬೋಸ್ಟನ್
ಹೌದು ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ಆಗದ ಜಾಗ ಇದು ಸಾರ್. 2005ರಲ್ಲಿ ಪ್ಯಾಂಡೋಲ್ಫಿ ತಂಡ ಒಂದು ವಿಚಿತ್ರ ಕಂಡಿತು. ಪಿಟೆನ್ ಪೂರ್ತಿ ಹೋದಾಗ ಜೀವಕೋಶ ಗಾಬರಿಬಿದ್ದು ಪಿ53 ಅನ್ನು ಎಬ್ಬಿಸುತ್ತದೆ. ಪಿ53 ತನ್ನ ಜೀನುಗಳನ್ನು ಓದಿಸಿ ವಿಭಜನೆಯನ್ನೇ ನಿಲ್ಲಿಸಿಬಿಡುತ್ತದೆ. ಜೀವಕೋಶ ಸಾಯುವುದಿಲ್ಲ, ಮುದಿಯಾಗಿ ಕೂರುತ್ತದೆ. ಆ ಇಲಿಗಳಲ್ಲಿ ಗಡ್ಡೆ ಬಹಳ ನಿಧಾನ. ಪಿಟೆನ್ ಜೊತೆಗೆ ಪಿ53 ಕೂಡ ತೆಗೆದರೆ ಇಲಿಗಳು ಕೆಲವೇ ತಿಂಗಳಲ್ಲಿ ಸಾಯುತ್ತಿದ್ದವು. ಹಾಗಾಗಿ ‘ಪಿಟೆನ್ ಲಾಸ್’ ಅನ್ನುವ ಒಂದು ಸಾಲಿಗಿಂತ, ಜೊತೆಗೆ ಪಿ53, ಆರ್‌ಬಿ1 ಏನಾಗಿವೆ ಅನ್ನೋದು ಹೆಚ್ಚು ಹೇಳುತ್ತದೆ. ಆರ್‌ಬಿ1 ಮತ್ತು ಪಿ53 ಎರಡೂ ಹೋದರೆ ಪ್ರಾಸ್ಟೇಟ್ ಜೀವಕೋಶ ತಾನು ಪ್ರಾಸ್ಟೇಟ್ ಅನ್ನೋದನ್ನೇ ಮರೆತು ನರಕೋಶದಂಥ ಜೀನುಗಳನ್ನು ಓದಲು ಶುರು ಮಾಡುತ್ತದೆ ಅಂತ 2017ರಲ್ಲಿ ಎರಡು ತಂಡಗಳು ತೋರಿಸಿವೆ. ಆಗ ಹಾರ್ಮೋನ್ ಚಿಕಿತ್ಸೆಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಹಿತೈಷಿ_ಶಿರಸಿ
ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ಲಕ್ಷ್ಮಣಫಲದ ಎಲೆ ಕಷಾಯ ಕೊಡಿ. ನಮ್ಮೂರಲ್ಲಿ ಗುಣವಾದವರಿದ್ದಾರೆ. ಬ್ರೊಕೊಲಿ ತಿಂದರೆ ಪಿಟೆನ್ ವಾಪಸ್ ಬರುತ್ತದೆ ಅಂತ ಅಮೆರಿಕದವರೇ ಕಂಡುಹಿಡಿದಿದ್ದಾರೆ, ವಾಟ್ಸಾಪಿನಲ್ಲಿ ಬಂದಿತ್ತು.

ಸ್ಲೈಡ್_ಅಕ್ಕ
ಕಷಾಯದ ಬಗ್ಗೆ ಒಂದೇ ಮಾತು. ಅಬಿರಾಟೆರೋನ್ ತಗೊಳ್ಳುವವರ ಲಿವರ್ ಮೇಲೆ ಮೊದಲೇ ಕಣ್ಣಿಟ್ಟಿರುತ್ತಾರೆ. ಡಾಕ್ಟರಿಗೆ ಹೇಳದೆ ಯಾವ ಕಷಾಯವೂ ಬೇಡ.

ಲ್ಯಾಬ್_ಕೋಟು
ಬ್ರೊಕೊಲಿ ಸುದ್ದಿಗೆ ಬುಡ ಇದೆ, ಅದಕ್ಕೇ ಅದು ಇಷ್ಟು ಓಡಾಡುತ್ತದೆ. 2019ರಲ್ಲಿ ಅದೇ ಪ್ಯಾಂಡೋಲ್ಫಿ ತಂಡ ಡಬ್ಲ್ಯುಡಬ್ಲ್ಯುಪಿ1 ಎಂಬ ಪ್ರೋಟೀನ್ ಪಿಟೆನ್‌ಗೆ ಅಡ್ಡಗಾಲು ಹಾಕುತ್ತದೆ ಅಂತ ತೋರಿಸಿತು. ಕೋಸು, ಬ್ರೊಕೊಲಿ ಜಾತಿಯ ತರಕಾರಿಗಳಲ್ಲಿರುವ ಇಂಡೋಲ್-3-ಕಾರ್ಬಿನಾಲ್ ಆ ಅಡ್ಡಗಾಲನ್ನು ತೆಗೆಯುತ್ತದೆ. ಇಲಿಗಳಲ್ಲಿ ಕೆಲಸ ಮಾಡಿತು.

ಆದರೆ ಎರಡು ವಿಷಯ. ಆ ಪ್ರಮಾಣ ಊಟದಿಂದ ಬರಬೇಕಾದರೆ ದಿನಾ ಕೆಜಿಗಟ್ಟಲೆ ಹಸಿ ತರಕಾರಿ ತಿನ್ನಬೇಕು. ಇನ್ನೂ ಮುಖ್ಯವಾದದ್ದು, ಇದು ಇರುವ ಪಿಟೆನ್ ಪ್ರೋಟೀನನ್ನು ಚುರುಕು ಮಾಡುವ ವಿಚಾರ. ತಿಪಟೂರು ಅವರ ತಂದೆಯ ಗಡ್ಡೆಯಲ್ಲಿ ಪ್ರೋಟೀನೇ ಇಲ್ಲ. ಇಲ್ಲದ್ದನ್ನು ಚುರುಕು ಮಾಡುವುದು ಹೇಗೆ?

ಮಂಡ್ಯ_ಮಾತುಗಾರ
ಕೋಸಿನ ಪಲ್ಯ ತಿನ್ನೋಕೆ ಕಾರಣ ಬೇಕಾ? ರುಚಿ ಇದೆ, ತಿನ್ನಿ, ಅಷ್ಟೇ.

ಹಾಸನ್_ಹೈದ
ವಿಷಯಕ್ಕೆ ಬನ್ನಿ. ಎಕೆಟಿ ಜೋರಾಗಿದೆ ಅಂತ ಗೊತ್ತು, ಎಕೆಟಿ ತಡೆಯುವ ಮಾತ್ರೆಯೂ ಇದೆಯಂತೆ. ಕೊಟ್ಟರೆ ಆಯಿತಲ್ಲ? ಯಾಕೆ ಕೊಡಲ್ಲ? ದುಡ್ಡಿನ ಕಥೆಯಾ?

ಉಪ್ಪಿನಂಗಡಿ_ಟು_ಬೋಸ್ಟನ್
ಬರೀ ದುಡ್ಡಲ್ಲ. 2021ರಲ್ಲಿ, ಎಕೆಟಿ ತಡೆಯುವ ಇಪಟಾಸೆರ್ಟಿಬ್ ಎಂಬ ಔಷಧದ ಟ್ರಯಲಿನ ಫಲಿತಾಂಶ ಬಂತು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಹಂತಕ್ಕೆ ಹೋದ 1101 ಜನ ಇದ್ದರು. ಅರ್ಧಕ್ಕೆ ಅಬಿರಾಟೆರೋನ್ ಜೊತೆ ಈ ಔಷಧ, ಅರ್ಧಕ್ಕೆ ಅಬಿರಾಟೆರೋನ್ ಜೊತೆ ಸುಳ್ಳು ಮಾತ್ರೆ. ಪಿಟೆನ್ ಇಲ್ಲದವರಲ್ಲಿ ಸ್ಕ್ಯಾನಿನಲ್ಲಿ ರೋಗ ಮುಂದುವರಿಯುವವರೆಗಿನ ಸಮಯ 16.5 ತಿಂಗಳಿಂದ 18.5 ತಿಂಗಳಿಗೆ ಏರಿತು. ಎರಡು ತಿಂಗಳು. ಎಲ್ಲರನ್ನೂ ಸೇರಿಸಿ ನೋಡಿದರೆ ಅವರು ಇಟ್ಟುಕೊಂಡಿದ್ದ ಅಳತೆಗೆ ಮುಟ್ಟಲಿಲ್ಲ. ಒಟ್ಟು ಆಯುಷ್ಯವೂ ಗಮನಾರ್ಹವಾಗಿ ಹೆಚ್ಚಲಿಲ್ಲ.

ಆಮೇಲೆ ಕಾಪಿವಾಸೆರ್ಟಿಬ್, ಅದೂ ಎಕೆಟಿ ತಡೆಯುವುದೇ. ಇದನ್ನು ಇನ್ನೂ ಮೊದಲ ಹಂತದಲ್ಲಿ, ಹಾರ್ಮೋನ್ ಚಿಕಿತ್ಸೆ ಶುರುವಾಗುವ ಹೊತ್ತಿನಲ್ಲಿ, ಹರಡಿದ ರೋಗ ಇರುವ, ಪಿಟೆನ್ ಇಲ್ಲದವರಿಗೆ ಮಾತ್ರ ಕೊಟ್ಟು ನೋಡಿದರು. 2025ರಲ್ಲಿ ಪ್ರಕಟಿಸಿದ ಪ್ರಕಾರ ರೋಗ ಮುಂದುವರಿಯುವವರೆಗಿನ ಸಮಯ 25.7 ತಿಂಗಳು ಇದ್ದದ್ದು 33.2 ತಿಂಗಳಾಯಿತು. ಇದು ಇಪಟಾಸೆರ್ಟಿಬ್‌ಗಿಂತ ಚೆನ್ನಾಗಿದೆ.

ಲ್ಯಾಬ್_ಕೋಟು
‘ಚೆನ್ನಾಗಿದೆ’ ಅನ್ನೋ ಮುಂಚೆ ತೊಂದರೆಗಳನ್ನೂ ಹೇಳಿ. ಎಕೆಟಿ ಅನ್ನೋದು ಕ್ಯಾನ್ಸರಿನ ಸ್ವಂತ ಆಸ್ತಿಯಲ್ಲ. ಇನ್ಸುಲಿನ್ ಕೆಲಸ ಮಾಡುವುದೇ ಈ ದಾರಿಯಲ್ಲಿ. ಎಕೆಟಿ ಮುಚ್ಚಿದರೆ ಸಕ್ಕರೆ ಏರುತ್ತದೆ. ಭೇದಿ, ಮೈಮೇಲೆ ಗುಳ್ಳೆ ಬೇರೆ. ನಮ್ಮಲ್ಲಿ ಆ ವಯಸ್ಸಿನ ಗಂಡಸರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಜಾಸ್ತಿ ಅಂತ ಹೇಳಬೇಕಾ?

ಹಾಸನ್_ಹೈದ
ಇಲಿಯಲ್ಲಿ ಗಡ್ಡೆ ಮಾಯ, ಮನುಷ್ಯರಲ್ಲಿ ಎರಡು ತಿಂಗಳು. ಇಲಿಗಳಿಗೆ ಮಾತ್ರ ಒಳ್ಳೆ ಕಾಲ ಬಿಡಿ.

ಉಪ್ಪಿನಂಗಡಿ_ಟು_ಬೋಸ್ಟನ್
ಕುಹಕ ಸರಿಯೇ, ಆದರೆ ಕಾರಣ ಇದೆ. ಇಲಿಯಲ್ಲಿ ಕೆಟ್ಟಿರುವುದು ಒಂದೇ ಜೀನ್. ಮನುಷ್ಯನ ಗಡ್ಡೆ ಆ ಹಂತಕ್ಕೆ ಬರುವ ಹೊತ್ತಿಗೆ ಏನೇನೋ ಕೆಟ್ಟಿರುತ್ತದೆ. ಅಕ್ಕ ಹೇಳಿದ ಹಾಗೆ ಗಡ್ಡೆಯ ಅರ್ಧದಲ್ಲಿ ಪಿಟೆನ್ ಇದ್ದರೆ ಆ ಅರ್ಧಕ್ಕೆ ಈ ಔಷಧ ಎಕೆಟಿಯನ್ನು ತಡೆದು ಏನು ಸಾಧಿಸುತ್ತದೆ? ಶೇ 90ರ ಅಳತೆ ಇಟ್ಟ ಕಾಪಿವಾಸೆರ್ಟಿಬ್ ಟ್ರಯಲಿನವರಿಗೆ ಫಲಿತಾಂಶ ಚೆನ್ನಾಗಿ ಬಂದದ್ದರಲ್ಲಿ ಅದರ ಪಾತ್ರವೂ ಇರಬಹುದು ಅಂತ ನನಗನ್ನಿಸುತ್ತದೆ. ರೋಗದ ಹಂತವೂ ಬೇರೆ, ಹಾಗಾಗಿ ನೇರ ಹೋಲಿಕೆ ಸರಿಯಲ್ಲ.

ತಿಪಟೂರು_ತೆಂಗು
ತುಂಬಾ ತಿಳಿಯಿತು, ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಡಾಕ್ಟರ್ ಯಾಕೆ ಆ ಕಡೆ ಹೋಗಲಿಲ್ಲ ಅಂತ ಅರ್ಥವಾಗುತ್ತಿದೆ. ಇನ್ನೊಂದು ಕೇಳಲೇಬೇಕು. ನನಗೂ ತಮ್ಮನಿಗೂ ಈ ಪಿಟೆನ್ ದೋಷ ಬಂದಿರಬಹುದಾ? ತಂಗಿಗೆ?

ಸ್ಲೈಡ್_ಅಕ್ಕ
ಪಿಟೆನ್ ವಿಷಯದಲ್ಲಿ ಬಹುತೇಕ ಇಲ್ಲ. ಗಡ್ಡೆಯಲ್ಲಿ ಕಂಡ ಪಿಟೆನ್ ಲಾಸ್ ಸಾಮಾನ್ಯವಾಗಿ ಗಡ್ಡೆ ಬೆಳೆಯುವಾಗ ಅಲ್ಲೇ ಆದದ್ದು, ಮೈಯ ಬೇರೆ ಜೀವಕೋಶಗಳಲ್ಲಿ ಇರುವುದಿಲ್ಲ. ಹುಟ್ಟಿನಿಂದ ಪಿಟೆನ್ ದೋಷ ಇರುವ ಕೌಡನ್ ಸಿಂಡ್ರೋಮ್ ಅಂತ ಒಂದಿದೆ. ಅದು ಅಪರೂಪ. ಅದರಲ್ಲಿ ಹೆಚ್ಚಾಗಿ ಕಾಡುವುದು ಸ್ತನ, ಥೈರಾಯ್ಡ್, ಗರ್ಭಕೋಶದ ಕ್ಯಾನ್ಸರ್. ತಲೆಯ ಗಾತ್ರವೂ ದೊಡ್ಡದಿರುತ್ತದೆ.

ಆದರೆ ನಿಮ್ಮ ಪ್ರಶ್ನೆಯನ್ನು ನಾನು ಬೇರೆ ಜೀನಿನ ಕಡೆ ತಿರುಗಿಸುತ್ತೇನೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸರಲ್ಲಿ ಸುಮಾರು ಶೇ 12ರಷ್ಟು ಜನರಿಗೆ ಡಿಎನ್‌ಎ ರಿಪೇರಿ ಮಾಡುವ ಜೀನುಗಳಲ್ಲಿ ಹುಟ್ಟಿನಿಂದಲೇ ದೋಷ ಇರುತ್ತದೆ ಅಂತ 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ಅದರಲ್ಲಿ ಬಿಆರ್‌ಸಿಎ2 ಮೊದಲು, ಶೇ 5ಕ್ಕಿಂತ ಸ್ವಲ್ಪ ಮೇಲೆ. ಅದೂ ಗಡ್ಡೆ ತಡೆಯುವ ಜೀನೇ. ಅದರಲ್ಲಿ ಹುಟ್ಟಿನಿಂದ ದೋಷ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಹೆಣ್ಣುಮಕ್ಕಳಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ. ತಂದೆಗೆ ಚಿಕಿತ್ಸೆಯೂ ಬದಲಾಗಬಹುದು, ಒಲಾಪರಿಬ್ ಅಂತ ಔಷಧ ಇದೆ. ಹಾಗಾಗಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ‘ಪಿಟೆನ್ ಬಂದಿದೆಯಾ’ ಅಂತಲ್ಲ, ‘ಬಿಆರ್‌ಸಿಎ ಪರೀಕ್ಷೆ ಮಾಡಿಸೋಣವಾ’ ಅಂತ. ತಂದೆಯ ರಕ್ತದಿಂದ ಶುರು ಮಾಡುತ್ತಾರೆ, ನಿಮ್ಮದರಿಂದಲ್ಲ.

ಗಂಗಾವತಿ_ಮಾಸ್ತರ
ನಮ್ಮ ಪಾಠದಲ್ಲಿ ಬಿಆರ್‌ಸಿಎ ಅಂದರೆ ಹೆಂಗಸರ ಕಾಯಿಲೆ ಅಂತಲೇ ಇತ್ತು. ಗಂಡಸರಿಗೂ ಪರೀಕ್ಷೆ ಅಂತ ಯಾರೂ ಹೇಳಿರಲಿಲ್ಲ.

ತಿಪಟೂರು_ತೆಂಗು
ಅಕ್ಕಾ, ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹತ್ತು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ಡಾಕ್ಟರಿಗೆ ಇದನ್ನು ಹೇಳಿಯೇ ಇಲ್ಲ, ಸಂಬಂಧ ಇರುತ್ತದೆ ಅಂತ ಯಾರಿಗೆ ಗೊತ್ತು.

ಸ್ಲೈಡ್_ಅಕ್ಕ
ಮುಂದಿನ ಸಲ ಹೋದಾಗ ಮೊದಲು ಅದನ್ನೇ ಹೇಳಿ. ಅತ್ತೆಯವರಿಗೆ ಆಗ ಎಷ್ಟು ವಯಸ್ಸು ಅಂತ ವಿಚಾರಿಸಿಕೊಂಡು ಹೋಗಿ, ಕೇಳುತ್ತಾರೆ. ಇನ್ನೊಂದು, ಬಯಾಪ್ಸಿಯ ಮೇಣದ ಬ್ಲಾಕ್ ಎಲ್ಲಿದೆ ಅಂತ ತಿಳಿದುಕೊಂಡಿರಿ. ಗಡ್ಡೆಯ ಜೀನ್ ಪರೀಕ್ಷೆಗೆ ಅದೇ ಬೇಕು, ಆಸ್ಪತ್ರೆ ಬದಲಾಯಿಸಿದಾಗ ಕಳೆದುಹೋಗುವುದೂ ಅದೇ.